ಮನೆಯಲ್ಲೇ ಕೂರಿಸಿದ ಹ್ಯಾಂಡಲ್

ಬೈಕಿನ ಬಿಡಿಭಾಗಗಳ ಅಂಗಡಿಗೆ ಯಾರೂ ಸಂತೋಷದಿಂದ ಬರುವುದಿಲ್ಲ. ಬಟ್ಟೆ ಅಂಗಡಿಗೋ ಬಂಗಾರದ ಅಂಗಡಿಗೋ ಬರುವ ಹಾಗೆ ಮುಖ ಅರಳಿಸಿಕೊಂಡು ಒಳಗೆ ಬಂದ ಗಿರಾಕಿಯನ್ನು ನೋಡಿದ ನೆನಪು ನನಗಿಲ್ಲ. ಏನೋ ಸವೆದಿರುತ್ತದೆ, ಏನೋ ಮುರಿದಿರುತ್ತದೆ, ಇಲ್ಲವೇ ಯಾರೋ ಬಿದ್ದಿರುತ್ತಾರೆ. ಹೊಸದಾಗಿ ಕೌಂಟರಿನ ಹಿಂದೆ ನಿಲ್ಲುತ್ತಿರುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಮಾಲಿನ ಹೆಸರು, ಗಾಡಿಯ ಮಾಡೆಲು, ಯಾವ ಪೆಟ್ಟಿಗೆ ಯಾವ ಗೂಡಿನಲ್ಲಿ ಇದೆ ಎಂಬುದೆಲ್ಲ ಆಮೇಲೆ ತಾನಾಗಿ ಬರುತ್ತದೆ.

ನಾನು ಮೊದಲು ಗೌರಿಬಿದನೂರಿನಲ್ಲಿ, ಆಮೇಲೆ ಚಿಂತಾಮಣಿಯಲ್ಲಿ ಈ ಕೆಲಸ ಮಾಡಿದೆ. ಕಾಲು ಊದಿಕೊಂಡು ದಿನವಿಡೀ ನಿಲ್ಲಲು ಆಗದೆ ಬಿಟ್ಟೆ. ಖಾಸಗಿ ಅಂಗಡಿಯಲ್ಲಿ ನಿವೃತ್ತಿ ಬರುವುದು ಹಾಗೆ. ಹಾರ ಹಾಕುವವರಿಲ್ಲ, ಒಂದು ಬೆಳಿಗ್ಗೆ ಹೋಗುವುದಿಲ್ಲ, ಅಷ್ಟೆ. ಈಗ ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಯ ಹತ್ತಿರ ಇದ್ದೇನೆ. ಅಳಿಯ ಹೇಳುತ್ತಾನೆ, ‘ಮಾವ, ನೀವು ಕಂಡಿದ್ದೆಲ್ಲ ಬರೀರಿ, ಅಂಗಡೀಲಿ ಕೆಲಸಕ್ಕೆ ಸೇರೋ ಹುಡುಗರು ಓದ್ಲಿ’ ಅಂತ. ಬರೆಯಲು ಕೂತಾಗ ಗೊತ್ತಾದದ್ದು, ನನ್ನ ನೆನಪುಗಳೆಲ್ಲ ಕೌಂಟರಿನ ಮೇಲೆ ಹೇಳಿ ಹೇಳಿ ನುಣುಪಾದವು ಎಂದು. ಗಿರಾಕಿ ಕಾಯುವಾಗ ಹೇಳಿದ ಕಥೆಗೆ ಒಂದು ಅಂದ ಬರುತ್ತದೆ. ಆ ಅಂದವನ್ನು ನಾನು ನಂಬುವುದಿಲ್ಲ. ಆದ್ದರಿಂದ ಬರೆಯುತ್ತಾ ಎಲ್ಲಿ ಅನುಮಾನ ಬಂತೋ ಅಲ್ಲೇ ಹೇಳಿಬಿಡುತ್ತೇನೆ.

ಎಲ್ಲ ಬಿಡಿಭಾಗಗಳ ಬಗ್ಗೆಯೂ ಬರೆಯುವುದಿಲ್ಲ. ಹ್ಯಾಂಡಲ್ ಒಂದರ ಬಗ್ಗೆ ಬರೆದರೆ ಸಾಕು ಅನಿಸುತ್ತದೆ. ಬೈಕು ಬಿದ್ದರೆ ಮೊದಲು ಸೊಟ್ಟಗಾಗುವುದು ಅದೇ. ಮನೆಯಲ್ಲೇ ಕೂರಿಸಿಕೊಳ್ಳಬಹುದು ಎಂಬ ಧೈರ್ಯ ಕೊಡುವುದೂ ಅದೇ. ಎಂಜಿನ್ನನ್ನು ಯಾರೂ ಜಗುಲಿಯ ಮೇಲೆ ಬಿಚ್ಚುವುದಿಲ್ಲ. ಹ್ಯಾಂಡಲ್ ಎಂದರೆ ಕಣ್ಣೆದುರಿಗೇ ಇರುವ ಒಂದು ಕೊಳವೆ, ಎರಡು ಕ್ಲಾಂಪು, ನಾಲ್ಕು ಬೋಲ್ಟು. ಯಾರಿಗಾದರೂ ಅನಿಸುತ್ತದೆ, ಇದಕ್ಕೆ ಮೆಕ್ಯಾನಿಕ್ ಯಾಕೆ ಎಂದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ನೂರು ಸಿಸಿಯ ಗಾಡಿಗಳು ಹಳ್ಳಿಹಳ್ಳಿಗೆ ಬಂದವು. ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಟೊಮೇಟೊ ಕ್ರೇಟು, ಎಲ್ಲವೂ ಅದರ ಮೇಲೆ. ಸ್ಟ್ಯಾಂಡ್ ಹಾಕಿದ ಗಾಡಿ ಭಾರಕ್ಕೆ ಮಗುಚುವುದೇ ಹೆಚ್ಚು. ಓಡುವಾಗ ಬೀಳುವುದು ಅದಕ್ಕಿಂತ ಕಡಿಮೆ. ಗಾಡಿಗಳು ಹೆಚ್ಚಿದಷ್ಟು ಬೇಗ ಮೆಕ್ಯಾನಿಕ್ಕುಗಳು ಹೆಚ್ಚಲಿಲ್ಲ. ಊರಿಗೊಬ್ಬ ಇದ್ದರೆ ಅವನು ಮದುವೆಗೆ ಹೋದನೋ, ಹೊಲಕ್ಕೆ ಹೋದನೋ, ಯಾರಿಗೂ ಗೊತ್ತಿರುತ್ತಿರಲಿಲ್ಲ. ಜನ ಅಂಗಡಿಗೆ ಬಂದು ನಮ್ಮನ್ನೇ ಕೇಳತೊಡಗಿದರು. ‘ಇದನ್ನ ಹೆಂಗಣ್ಣ ಹಾಕೋದು?’

ಗೌರಿಬಿದನೂರಿನಲ್ಲಿ ನನಗೆ ಹ್ಯಾಂಡಲ್ ನೋಡುವುದನ್ನು ಕಲಿಸಿದವರು ಮೆಕ್ಯಾನಿಕ್ ಅಲ್ಲ. ಅಲೀಪುರದಿಂದ ಬರುತ್ತಿದ್ದ ಒಬ್ಬ ಹರಳಿನ ವ್ಯಾಪಾರಿ. ಮಾತು ಕಡಿಮೆ. ನಾನು ಕೊಟ್ಟ ಹೊಸ ಹ್ಯಾಂಡಲನ್ನು ಅವರು ಕೌಂಟರಿನ ಗಾಜಿನ ಮೇಲೆ ಮಗುಚಿ ಇಟ್ಟರು. ಒಂದು ತುದಿ ಗಾಜಿಗೆ ತಾಗಿತ್ತು, ಇನ್ನೊಂದು ತುದಿಯ ಕೆಳಗೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು.

‘ಇದು ಬೇಡ ಭಾಯ್. ಇನ್ನೊಂದು ತೋರ್ಸಿ.’

‘ಹೊಸಾದು ಸಾಬ್, ಈಗ ಪ್ಯಾಕಿಂದ ತೆಗ್ದಿದ್ದು.’

‘ಹೊಸಾದು ಸೊಟ್ಟ ಇರಲ್ಲ ಅಂತ ನಿಮ್ಗೆ ಯಾರು ಹೇಳಿದ್ರು?’

ಅಂದಿನಿಂದ ಗಾಜಿನ ಮೇಲೆ ಇಟ್ಟು ನೋಡದೆ ನಾನು ಒಂದು ಹ್ಯಾಂಡಲನ್ನೂ ಮಾರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಕೈ ತಡೆಯಿತು. ಹಬ್ಬದ ಗಿರಾಕಿ ತುಂಬಿದ ದಿನಗಳಲ್ಲಿ ನೋಡದೆ ಕೊಟ್ಟಿದ್ದೂ ಇರಬೇಕು. ಎಲ್ಲರೂ ಹಾಗೇ. ನೀವು ನೋಡಿ ಕೊಡಿ.

ಗ್ರಿಪ್ಪಿನ ವಿಷಯ ಒಂದಿದೆ. ಹೊಸ ಹ್ಯಾಂಡಲಿಗೆ ರಬ್ಬರಿನ ಗ್ರಿಪ್ ಸುಲಭವಾಗಿ ಹತ್ತುವುದಿಲ್ಲ. ಗೌರಿಬಿದನೂರಿನ ಒಬ್ಬ ಕ್ಷೌರಿಕ, ನನ್ನ ಗೆಳೆಯನೇ, ಮನೆಯಲ್ಲಿ ಕೂರಿಸುವಾಗ ಒಳಗೆ ಕೊಬ್ಬರಿ ಎಣ್ಣೆ ಸವರಿದ. ಬೆಣ್ಣೆಯ ಹಾಗೆ ಜಾರಿಕೊಂಡು ಒಳಗೆ ಹೋಯಿತಂತೆ. ಮಾರನೆಯ ದಿನ ಬಸ್ ನಿಲ್ದಾಣದ ಮುಂದೆ ಗಾಡಿ ತಿರುಗಿಸುವಾಗ ಅದೇ ಬೆಣ್ಣೆಯ ಹಾಗೆ ಹೊರಗೂ ಬಂತು. ಎಡಗೈಯಲ್ಲಿ ಗ್ರಿಪ್ ಹಿಡಿದುಕೊಂಡೇ ಅಂಗಡಿಗೆ ನಡೆದು ಬಂದ.

‘ಏನೋ ಇದು, ಮೈಕ್ ಹಿಡ್ದಂಗೆ ಹಿಡ್ಕೊಂಡ್ ಬರ್ತಿದ್ದೀಯ?’ ಎಂದೆ.

‘ನಗಬೇಡ ಕಣೋ. ಮೈಕ್ ಹಿಡ್ದೋನಾದ್ರೆ ಭಾಷಣ ಮಾಡ್ತಿದ್ದ. ನಾನು ಚರಂಡೀಲಿ ಬಿದ್ದೆ.’

ಅವನಿಗೆ ಮಂಡಿ ತರಚಿತ್ತು, ಅಷ್ಟೆ. ನಾವು ನಕ್ಕೆವು. ಎಣ್ಣೆ ಒಣಗುವುದಿಲ್ಲ. ಸ್ವಲ್ಪ ಪೆಟ್ರೋಲು ಸವರಿದರೆ ಹತ್ತುವಾಗ ಜಾರುತ್ತದೆ, ಆಮೇಲೆ ಆರಿ ಹಿಡಿದುಕೊಳ್ಳುತ್ತದೆ. ಅಂದು ನಕ್ಕಿದ್ದನ್ನು ನೆನೆದರೆ ಈಗ ಅಷ್ಟು ನಗು ಬರುವುದಿಲ್ಲ. ಚರಂಡಿಯ ಬದಲು ಲಾರಿ ಇದ್ದಿದ್ದರೆ ಅದೇ ಎಣ್ಣೆ, ಅದೇ ಗ್ರಿಪ್.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಒಬ್ಬನ ಗಾಡಿಯಲ್ಲಿ ಬೇರೆ ಬಗೆಯ ತಪ್ಪು. ಹ್ಯಾಂಡಲನ್ನು ಚೆನ್ನಾಗಿಯೇ ಕೂರಿಸಿದ್ದ. ಆಕ್ಸಿಲರೇಟರ್ ಕೇಬಲನ್ನು ಮಾತ್ರ ತಪ್ಪು ದಾರಿಯಲ್ಲಿ ಎಳೆದಿದ್ದ. ನೇರವಾಗಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿದರೆ ಕೇಬಲ್ ಬಿಗಿದು ಗಾಡಿ ತಾನೇ ವೇಗ ತೆಗೆದುಕೊಳ್ಳುತ್ತದೆ. ಅವನ ಮನೆಯ ಓಣಿ ಎಡಕ್ಕೇ ತಿರುಗುತ್ತಿತ್ತು. ‘ಮನೆ ಹತ್ರ ಬಂದ್ರೆ ಗಾಡಿಗೆ ಖುಷಿ ಆಗ್ತದೆ, ಕುಣೀತದೆ’ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ಕೂರಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಸದ್ದು ಕೇಳಬೇಕು. ಸದ್ದು ಏರಿದರೆ ಕೇಬಲ್ ಮತ್ತೆ ಬಿಚ್ಚಬೇಕು. ಇದನ್ನು ಗಿರಾಕಿಗೆ ಹೇಳದೆ ಮಾಲು ಕೊಡಬಾರದು.

ಚಿಂತಾಮಣಿಯ ಅಂಗಡಿಯ ಯಜಮಾನರು ನಂಜುಂಡಪ್ಪನವರು. ಕೆಟ್ಟವರಲ್ಲ. ಅಂಗಡಿಯ ಬಾಗಿಲು ದಾಟಿದ್ದು ಯಾವುದೂ ನಮ್ಮದಲ್ಲ ಎಂಬುದು ಅವರ ನಂಬಿಕೆ. ‘ಬಿದ್ದಿದ್ದು ಹೆಂಗೆ ಅಂತ ಕೇಳಬೇಡ ಸೀನಪ್ಪ. ಗಾಡಿ ಯಾವ್ದು ಅಂತ ಕೇಳು’ ಎಂದು ನಾನು ಸೇರಿದ ದಿನವೇ ಹೇಳಿದ್ದರು. ಸೊಟ್ಟ ಹ್ಯಾಂಡಲುಗಳನ್ನು ಜನ ಮನೆಗೆ ವಾಪಸ್ ಒಯ್ಯುತ್ತಿರಲಿಲ್ಲ. ಬಿದ್ದ ಗಾಡಿಯ ಹ್ಯಾಂಡಲ್ ಮನೆಯಲ್ಲಿ ಇರಬಾರದು ಎಂದು ನಮ್ಮಲ್ಲೇ ಬಿಟ್ಟುಹೋಗುತ್ತಿದ್ದರು. ಹಿತ್ತಿಲಲ್ಲಿ ಅವು ಜಿಂಕೆಯ ಕೊಂಬುಗಳ ಹಾಗೆ ಗುಡ್ಡೆ ಬಿದ್ದಿದ್ದವು. ಮೂಲೆಯಲ್ಲಿ ನಿಂತು ಅವನ್ನು ನೋಡಿ, ಇದು ಎಡಕ್ಕೆ ಬಿದ್ದದ್ದು, ಇದು ಎದುರಿಂದ ಹೊಡೆದದ್ದು, ಇದರ ಸವಾರ ಉಳಿದಿರಲಾರ ಎಂದು ನಾನು ಅಂದುಕೊಳ್ಳುತ್ತಿದ್ದೆ. ಕಬ್ಬಿಣ ಓದಲು ಬರುತ್ತದೆ ಎಂಬ ಸೊಕ್ಕು. ಎಷ್ಟೋ ಸಲ ‘ಉಳಿದಿರಲಾರ’ ಎಂದವನು ಮರುವಾರ ಬಲ್ಬು ಕೇಳಿಕೊಂಡು ಬಂದಿದ್ದಾನೆ.

ಮಂಜುಳಾ ಬಂದದ್ದು ಇಂಥ ಒಂದು ಸೊಟ್ಟ ಹ್ಯಾಂಡಲನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು, ಕೆಂಚಾರ್ಲಹಳ್ಳಿ ಕಡೆಯ ಬಸ್ಸಿನಿಂದ ಇಳಿದು. ಇಪ್ಪತ್ತರ ಆಸುಪಾಸಿನ ಹೆಂಗಸು, ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಹೆಂಗಸರು ನಮ್ಮ ಅಂಗಡಿಗೆ ಬರುತ್ತಿದ್ದುದೇ ಅಪರೂಪ; ಬಂದರೂ ಗಂಡ ಬರೆದುಕೊಟ್ಟ ಚೀಟಿ ಚಾಚುತ್ತಿದ್ದರು. ಇವಳು ತಾಟು ಬಿಚ್ಚಿ ಹ್ಯಾಂಡಲನ್ನು ಗಾಜಿನ ಮೇಲೆ ಇಟ್ಟಳು.

‘ಇದರಷ್ಟೇ ತಗ್ಗಿರೋದು ಬೇಕಣ್ಣ. ಎತ್ತರದ್ದು ಬೇಡ, ಕೇಬಲ್ ಸಾಲಲ್ಲ.’

‘ಯಾರಮ್ಮ ಹಾಕೋರು? ಮೆಕ್ಯಾನಿಕ್‌ನ ಕಳ್ಸಬಾರ್ದಿತ್ತಾ?’

‘ಅವ್ನು ನಾಲ್ಕು ದಿನ ಆಗ್ತದೆ ಅಂದ. ಹುಳ ಗೂಡು ಕಟ್ಬಿಟ್ಟೈತೆ. ನಾಲ್ಕು ದಿನ ಬಿಟ್ರೆ ಚಿಟ್ಟೆ ಹೊರಗೆ ಬರ್ತದೆ, ಗೂಡು ಯಾರು ತಗೊಳ್ತಾರೆ? ನಮ್ಮೋರು ಚಂದ್ರಿಕೆ ಮುಂದೆ ಕೂತವ್ರೆ, ಗೂಡು ಬಿಡಿಸ್ತಾ. ನಾನೇ ಹಾಕ್ತೀನಿ.’

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಮೇಲೆ ಕಾಯಲು ಬರುವುದಿಲ್ಲ. ಬಿಡಿಸಿ, ಚೀಲಕ್ಕೆ ತುಂಬಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸಲೇಬೇಕು. ಗಾಡಿ ಅಂಗಳದಲ್ಲಿ ಸೊಪ್ಪಿನ ಹೊರೆಯ ಸಮೇತ ಮಗುಚಿ ಹ್ಯಾಂಡಲ್ ಮಡಿಸಿಕೊಂಡಿತ್ತು.

‘ಸ್ಪ್ಯಾನರ್ ಹಿಡಿಯೋದು ಗೊತ್ತಾ?’ ಎಂದು ಕೇಳಿದೆ.

‘ಕೈವಾರದಲ್ಲಿ ನಮ್ಮಪ್ಪಂದು ಸೈಕಲ್ ಶಾಪು. ಅಂಬೆಗಾಲಿಕ್ಕಿದ್ದೇ ಸ್ಪ್ಯಾನರ್ ಮೇಲೆ’ ಎಂದಳು.

ನಾನು ಹೊಸ ಹ್ಯಾಂಡಲನ್ನು ಗಾಜಿನ ಮೇಲೆ ಮಗುಚಿಟ್ಟು ತೋರಿಸಿದೆ. ಎರಡೂ ತುದಿ ಕೂತಿತ್ತು. ಇದು ಖಚಿತ, ಯಾಕೆಂದರೆ ಅವಳೇ ಬಗ್ಗಿ ಕೆಳಗಿನ ಬೆಳಕು ನೋಡಿದಳು. ಕೊಳವೆಯ ನಡುಭಾಗದಲ್ಲಿ ಕಾರ್ಖಾನೆಯವರು ಕೊರೆದಿರುವ ಸಣ್ಣ ಗೀರುಗಳನ್ನು ಅವಳ ಬೆರಳಿನಿಂದ ಮುಟ್ಟಿಸಿದೆ. ಮರಳುಕಾಗದದ ಹಾಗೆ ತಾಗುತ್ತದೆ. ‘ಕ್ಲಾಂಪು ಹಿಡಿಯೋದು ಈ ಗೀರನ್ನೇ. ಇಲ್ಲಿ ಎಣ್ಣೆ, ಮಣ್ಣು ಏನೂ ಇರಬಾರ್ದು. ಒಣಬಟ್ಟೇಲಿ ಒರೆಸಿ ಕೂರ್ಸು. ಮುಂದಿನ ಬೋಲ್ಟು ಮೊದಲು ಬಿಗಿ ಮಾಡು, ಆಮೇಲೆ ಹಿಂದಿಂದು’ ಎಂದೆ. ತಲೆಯಾಡಿಸಿದಳು. ಎಲ್ಲ ಮೊದಲೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿದಳೋ, ಈಗ ಕಲಿತವಳ ಹಾಗೋ, ಹೇಳಲಾರೆ.

ಅದಾದ ಕೆಲವೇ ದಿನಕ್ಕೆ ಅಂಗಡಿಗೆ ಸುದ್ದಿ ಬಂತು. ಅವಳ ಗಂಡ ವೆಂಕಟೇಶ ಶಿಡ್ಲಘಟ್ಟದಲ್ಲಿ ಗೂಡು ಹಾಕಿ ಖಾಲಿ ಚೀಲ ಕಟ್ಟಿಕೊಂಡು ಬರುವಾಗ, ಒಂದು ಶಾಲೆಯ ಮುಂದಿನ ಉಬ್ಬಿನಲ್ಲಿ ಬ್ರೇಕ್ ಹಾಕಿದಾಗ ಹ್ಯಾಂಡಲ್ ಕೈಯಲ್ಲೇ ಮುಂದಕ್ಕೆ ಮಗುಚಿಕೊಂಡಿತು. ಗಾಡಿಯ ಮೇಲಿಂದ ತಲೆಕೆಳಗಾಗಿ ಮುಂದಕ್ಕೆ ಬಿದ್ದಿದ್ದಾನೆ. ದವಡೆ ಮುರಿದಿದೆ, ಹೆಗಲು ಮುರಿದಿದೆ, ಕೋಲಾರದ ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ, ಬಾಯಿ ಬಿಡುವ ಹಾಗಿಲ್ಲ. ನಾವು ಡೂಪ್ಲಿಕೇಟ್ ಮಾಲು ಕೊಟ್ಟೆವು ಎಂದು ಅವನ ಮನೆಯವರು ಅಂಗಡಿಯ ಮುಂದೆ ಬಂದು ಕೂರುತ್ತಾರಂತೆ.

ಯಜಮಾನರು ನನ್ನನ್ನು ಒಳಗೆ ಕರೆದರು. ‘ನೀನೇ ಹೋಗು. ಹ್ಯಾಂಡಲ್ ಬಿಚ್ಚಿ ಎಲ್ಲರೆದ್ರು ತೋರ್ಸು, ಮಾಲು ನೆಟ್ಟಗೈತೆ ಅಂತ. ತೋರ್ಸಿದ್ ತಕ್ಷಣ ಬಂದ್ಬಿಡು. ಅವ್ರ ಮನೆ ಪಂಚಾಯ್ತಿಗೆ ಕೂರಬೇಡ.’

ಬಸ್ಸಿನಲ್ಲಿ ಹೋಗುವಾಗ ನನಗೆ ಒಂದೇ ಯೋಚನೆ. ಕೊಳವೆ ನೆಟ್ಟಗಿದ್ದರೆ ಅಂಗಡಿ ಉಳಿಯುತ್ತದೆ, ಆ ಹುಡುಗಿ ಉಳಿಯುವುದಿಲ್ಲ.

ಮನೆ ಊರಾಚೆ, ಹಿಪ್ಪುನೇರಳೆ ತೋಟದ ಪಕ್ಕ. ಅಂಗಳದಲ್ಲಿ ಗಾಡಿ ನಿಂತಿತ್ತು. ಹೆಡ್‌ಲೈಟು ಒಡೆದು, ಹ್ಯಾಂಡಲ್ ಎತ್ತಿನ ಮೂತಿಯ ಹಾಗೆ ಕೆಳಕ್ಕೆ ತೂಗಿತ್ತು. ಜಗುಲಿಯ ಮೇಲೆ ವೆಂಕಟೇಶನ ದೊಡ್ಡಪ್ಪ ಚಿಕ್ಕರೆಡ್ಡಪ್ಪ ಕೂತಿದ್ದರು. ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೇ ಬರುತ್ತಿತ್ತು. ಕಂಬಕ್ಕೆ ಒರಗಿ ನಿಂತಿದ್ದವರು ವೆಂಕಟೇಶನ ತಾಯಿ ಮುನಿಯಮ್ಮ. ಮಂಜುಳಾ ಹೊಸ್ತಿಲ ಒಳಗೆ, ಅರ್ಧ ಕತ್ತಲಲ್ಲಿ.

‘ರಾ ಸ್ವಾಮೀ ರಾ. ಬಾ, ನಿನ್ ಮಾಲು ನೋಡು ಬಾ’ ಎಂದರು ದೊಡ್ಡಪ್ಪ. ‘ಇಲ್ಲ ನಿನ್ ಹ್ಯಾಂಡಲ್ಲು ಕಳಪೆ, ಇಲ್ಲ ಈಯಮ್ಮನ ಕೈ ಕಳಪೆ. ಎರಡ್ರಲ್ಲಿ ಒಂದು ಇವತ್ತು ಹೇಳ್ಬಿಟ್ಟು ಹೋಗು.’

‘ಆಕೆ ಆಸ್ಪತ್ರೆಗೆ ಹೋಗಿಲ್ವಾ?’ ಎಂದು ಕೇಳಿದೆ. ಕೇಳಬಾರದಿತ್ತು, ಯಜಮಾನರ ಲೆಕ್ಕದಲ್ಲಿ.

‘ಯಾಕೆ ಹೋಗ್ಬೇಕು? ಗಂಡಸು ಮುಟ್ಟೋ ಗಾಡಿ ಹೆಂಗಸು ಬಿಚ್ಚಿದ್ರೆ ಇದೇ ಆಗೋದು. ಇದು ಇತ್ಯರ್ಥ ಆಗೋ ಗಂಟ ಆಸ್ಪತ್ರೆ ಮೆಟ್ಲು ಹತ್ತಬಾರ್ದು ಅಂದಿದ್ದೀನಿ. ಇವಳ್ದೇ ತಪ್ಪು ಅಂದ್ರೆ ನೆಟ್ಟಗೆ ಕೈವಾರದ ಬಸ್ಸು.’

ಬಿದ್ದ ದಿನದಿಂದ ಅವಳು ಗಂಡನ ಮುಖ ನೋಡಿರಲಿಲ್ಲ. ಅವನು ಉಳಿಯುತ್ತಾನೆ ಎಂಬುದನ್ನೂ ಬೇರೆಯವರ ಬಾಯಿಂದಲೇ ಕೇಳಿದ್ದಳು.

ನಾನು ಚೀಲದಿಂದ ಸ್ಪ್ಯಾನರ್ ತೆಗೆದೆ. ಮೊದಲು ಬೋಲ್ಟುಗಳನ್ನು ಮುಟ್ಟಿ ನೋಡಿದೆ. ನಾಲ್ಕೂ ಬಿಗಿ. ಬಿಚ್ಚಲು ಮೈ ಭಾರ ಹಾಕಬೇಕಾಯಿತು. ಇಷ್ಟು ಬಿಗಿದ ಕ್ಲಾಂಪಿನಲ್ಲಿ ಹ್ಯಾಂಡಲ್ ತಿರುಗಲು ಸಾಧ್ಯವೇ ಇಲ್ಲ. ಬಲಗಡೆಯ ಕ್ಲಾಂಪನ್ನು ಎತ್ತಿದಾಗ ಕಂಡಿತು. ಗೀರುಗಳ ಮೇಲೆ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ, ಮಡಿಸಿದ ಬಟ್ಟೆ. ಅರಿಶಿನದಲ್ಲಿ ಅದ್ದಿದ್ದು. ಅದರ ನಡುವೆ ಕುಂಕುಮದ ಕಲೆ. ಒತ್ತಡಕ್ಕೆ ಅದು ಎಣ್ಣೆಕಾಗದದ ಹಾಗೆ ಹೊಳೆಯುತ್ತಿತ್ತು. ಎಡಗಡೆ ಎತ್ತಿದೆ. ಅಲ್ಲೂ ಒಂದು.

ಮನೆದೇವರಿಗೆ ಕಟ್ಟುವ ಮುಡುಪು. ನಮ್ಮ ಕಡೆ ಗಾಡಿಯ ಹ್ಯಾಂಡಲಿಗೆ ಕಟ್ಟುವುದು ಹೊಸದಲ್ಲ. ಎಲ್ಲರೂ ಹೊರಗೆ, ಮೀಟರಿನ ಹತ್ತಿರ ಕಟ್ಟುತ್ತಾರೆ. ಕ್ಲಾಂಪಿನ ಒಳಗೆ ಇಟ್ಟದ್ದನ್ನು ನಾನು ಅಂದೇ ಮೊದಲು ನೋಡಿದ್ದು.

‘ಅದೇಮಿ ಅದಿ? ಏನದು?’ ದೊಡ್ಡಪ್ಪ ಜಗುಲಿಯಿಂದ ಇಳಿದು ಬಂದರು.

‘ಬಟ್ಟೆ. ಇದು ಮಧ್ಯೆ ಇದ್ರೆ ಎಷ್ಟು ಬಿಗಿ ಮಾಡಿದ್ರೂ ಹಿಡಿತ ಬರಲ್ಲ. ಬ್ರೇಕ್ ಹಾಕಿದಾಗ ಮೈ ಭಾರ ಕೈ ಮೇಲೆ ಬೀಳ್ತದೆ, ತಿರುಗಿಬಿಡ್ತದೆ.’

‘ಯಾರು ಇಟ್ಟಿದ್ದು?’

ನಾನು ಮುನಿಯಮ್ಮನನ್ನು ನೋಡಿದೆನೋ ಇಲ್ಲವೋ. ನೋಡಿದೆ ಎಂದೂ, ಅವರ ಮುಖದ ರಕ್ತ ಇಳಿಯಿತು ಎಂದೂ ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ಯೋಚಿಸಿದರೆ ನನ್ನ ಕಣ್ಣು ಆ ಬಟ್ಟೆಯ ಮೇಲೇ ಇದ್ದಿರಬೇಕು. ಹೊಸ್ತಿಲಿನಿಂದ ದನಿ ಬಂತು.

‘ನಾನೇ ಇಟ್ಟಿದ್ದು.’

‘ನೋಡ್ದಾ!’ ದೊಡ್ಡಪ್ಪ ತೊಡೆ ತಟ್ಟಿದರು. ‘ನೋಡ್ದಾ ಮುನಿಯಮ್ಮ! ನಾನೇನಂದೆ? ತಲೆ ಐತೇನಮ್ಮ ನಿಂಗೆ? ಸೈಕಲ್ ಶಾಪಿನೋರ ಮಗಳಂತೆ!’

ಮಂಜುಳಾ ತಲೆ ಎತ್ತಲಿಲ್ಲ. ನಾನು ಹ್ಯಾಂಡಲನ್ನು ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗುಚಿಟ್ಟು ತೋರಿಸಿದೆ. ತಿರುಗಿಕೊಂಡದ್ದರಿಂದ ಅದಕ್ಕೆ ಪೆಟ್ಟು ಬಿದ್ದಿರಲಿಲ್ಲ. ಎರಡೂ ತುದಿ ಸಮವಾಗಿ ಕೂತಿತ್ತು. ಮಾಲು ನೆಟ್ಟಗಿತ್ತು. ಅಂಗಡಿಯ ಕೆಲಸ ಅಲ್ಲಿಗೆ ಮುಗಿಯಿತು. ಯಜಮಾನರು ಹೇಳಿದ ಹಾಗೆ ನಾನು ಸ್ಪ್ಯಾನರ್ ಚೀಲಕ್ಕೆ ಹಾಕಿ ಹೊರಟುಬಿಡಬಹುದಿತ್ತು.

‘ಹಿಂಗೇ ಬಿಚ್ಚಿ ಬಿಟ್ಟು ಹೋಗಕ್ಕಾಗಲ್ಲ, ಕೂರ್ಸಿ ಹೋಗ್ತೀನಿ. ಯಾರಾದ್ರೂ ಹಿಡ್ಕೊಳ್ಳೋರು ಬೇಕು’ ಎಂದೆ. ದೊಡ್ಡಪ್ಪ ಎಲೆಅಡಿಕೆಗೆ ಕೈ ಹಾಕಿದರು. ಮಂಜುಳಾ ಇಳಿದು ಬಂದಳು.

ಅವಳು ಕೇಬಲ್ಲುಗಳನ್ನು ಎತ್ತಿ ಹಿಡಿದಳು. ನಾನು ಬಗ್ಗಿ ಕ್ಲಾಂಪಿನ ಕೆಳಗಿನ ಅರ್ಧವನ್ನು ಒರೆಸುತ್ತಿದ್ದೆ. ಯಾರಿಗೂ ಕೇಳಿಸದ ಹಾಗೆ ಕೇಳಿದೆ. ‘ಒರೆಸಿ ಹಾಕು ಅಂದಿದ್ದೆ ಅಲ್ವಾ ನಿಂಗೆ?’

‘ಅಂದಿದ್ರಿ.’

‘ಮತ್ಯಾಕಮ್ಮ?’

‘ಹೋದ ಸಲ ಅತ್ತೆ ಹೊರಗೆ ಕಟ್ಟಿದ್ದು ಎಲ್ಲೋ ಬಿಚ್ಚಿ ಬಿದ್ದೋಯ್ತು. ಅದಾದ್ಮೇಲೇ ಗಾಡಿ ಮಗುಚಿದ್ದು. ದೇವರ ಬಟ್ಟೆ ಬಿದ್ದೋಗಿದ್ದಕ್ಕೇ ಗಾಡಿ ಬಿತ್ತು ಅಂದ್ರು. ಈ ಸಲ ಬೀಳ್ದೇ ಇರೋ ಜಾಗದಲ್ಲಿ ಇಡು, ಒಳಗೇ ಇಡು ಅಂದ್ರು. ಬೇಡ ಅತ್ತೆ ಅಂದೆ. ನನ್ ಮಗನ್ನ ಕಾಯೋದು ನೀನಾ, ದೇವ್ರಾ ಅಂತ ಅತ್ರು.’

‘ಅದನ್ನ ಹೇಳ್ಬಾರ್ದಾ ಈಗ?’

‘ಹೆಂಗಣ್ಣ ಹೇಳ್ಲಿ? ಅವ್ರ ಮಗ ಅಲ್ಲಿ ಮಲಗವ್ನೆ. ಅವ್ನ ಬೀಳ್ಸಿದ್ದು ನಿಮ್ ಹರಕೇನೇ ಅಂತ ತಾಯಿ ಮುಂದೆ ಹೆಂಗ್ ಹೇಳೋದು? ನಾನಾದ್ರೆ ಕೈವಾರದಲ್ಲಿ ಎಲ್ಲೋ ಇರ್ತೀನಿ. ಅವ್ರು ಎಲ್ಲಿಗೆ ಹೋಗ್ತಾರೆ?’

ಇಷ್ಟೂ ಮಾತು ಅವಳು ಹೀಗೇ ಆಡಿದಳೇ? ಶಬ್ದಗಳು ನನ್ನವು ಇರಬಹುದು. ಅರ್ಥ ಅವಳದೇ. ‘ಅವ್ರು ಎಲ್ಲಿಗೆ ಹೋಗ್ತಾರೆ’ ಎಂಬುದು ಮಾತ್ರ ಅಕ್ಷರಶಃ ಅವಳದು. ಅದನ್ನು ಕಟ್ಟುವಷ್ಟು ದೊಡ್ಡವನಲ್ಲ ನಾನು.

ಕೌಂಟರಿನಲ್ಲಿ ನಿಂತವನಿಗೆ ಮನೆಯೊಳಗಿನ ಮಾತು ಸಿಕ್ಕಿಬಿಟ್ಟರೆ ಏನು ಮಾಡಬೇಕು ಎಂದು ಯಾರೂ ಕಲಿಸಿರುವುದಿಲ್ಲ. ಎದ್ದು ನಿಂತು ಮುನಿಯಮ್ಮನ ಕಡೆ ಬೆರಳು ತೋರಿಸಬಹುದಿತ್ತು. ಹುಡುಗಿ ಉಳಿಯುತ್ತಿದ್ದಳು, ತಾಯಿ ಉಳಿಯುತ್ತಿರಲಿಲ್ಲ. ಸುಮ್ಮನಿದ್ದರೆ ಕೈವಾರದ ಬಸ್ಸು. ನನಗೆ ಹೇಳಲು ಬರುವುದು ಕಬ್ಬಿಣದ ಮಾತು ಒಂದೇ. ಅದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಕಂಬದವರೆಗೂ ಕೇಳಿಸುವ ಹಾಗೆ.

‘ಒಂದು ಹೇಳ್ತೀನಿ ಯಜಮಾನ್ರೇ. ಕೈ ಕೆಲಸದಲ್ಲಿ ತಪ್ಪಿಲ್ಲ. ನಾಲ್ಕು ಬೋಲ್ಟೂ ಸರಿಯಾಗಿ ಬಿಗಿದೈತೆ, ಕೇಬಲ್ಲೂ ಸರಿಯಾದ ದಾರೀಲೇ ಎಳೆದೈತೆ. ನಮ್ಮ ಮೆಕ್ಯಾನಿಕ್ ಹಾಕಿದ್ರೂ ಇದಕ್ಕಿಂತ ಚೆನ್ನಾಗಿ ಹಾಕ್ತಿರಲಿಲ್ಲ. ಈ ಬಟ್ಟೆ ಒಂದು ಇಲ್ದಿದ್ರೆ ಏನೂ ಆಗ್ತಿರಲಿಲ್ಲ.’

‘ಬಟ್ಟೆ ಇಟ್ಟೋಳೂ ಅವಳೇ ತಾನೇ?’ ಎಂದರು ದೊಡ್ಡಪ್ಪ.

ನಾನು ಹ್ಯಾಂಡಲನ್ನು ಕ್ಲಾಂಪಿನ ಕೆಳಗಿನ ಅರ್ಧದ ಮೇಲೆ ಇಟ್ಟೆ. ಕ್ಲಾಂಪು ಮುಚ್ಚಿದೆ. ಸ್ಪ್ಯಾನರನ್ನು ಮಂಜುಳಾಳ ಕೈಗೆ ಕೊಟ್ಟೆ. ಅವಳು ಮುಂದಿನ ಬೋಲ್ಟುಗಳನ್ನು ಮೊದಲು, ಹಿಂದಿನವನ್ನು ಆಮೇಲೆ ಬಿಗಿದಳು. ಬೋಲ್ಟಿನ ತಲೆಯ ಮೇಲೆ ಸ್ಪ್ಯಾನರ್ ಒಂದು ಸಲವೂ ಜಾರಲಿಲ್ಲ.

ಇಲ್ಲಿಂದ ಮುಂದೆ ನಾನು ಕೌಂಟರಿನಲ್ಲಿ ಹೇಳುತ್ತಿದ್ದ ಕಥೆ ಬೇರೆ ಇತ್ತು. ಮುನಿಯಮ್ಮ ಸೊಂಟದ ಎಲೆಅಡಿಕೆ ಚೀಲದಿಂದ ಅದೇ ಬಟ್ಟೆಯ ಉಳಿದ ತುಂಡನ್ನು ತೆಗೆದು, ಈ ತುಂಡಿನ ಪಕ್ಕದಲ್ಲಿ ಇಟ್ಟು, ‘ಹರಿದು ಕೊಟ್ಟೋಳು ನಾನು’ ಎಂದರು ಎಂದು ಮುಗಿಸುತ್ತಿದ್ದೆ. ಕೇಳಿದವರು ಉಸಿರು ಬಿಡುತ್ತಿದ್ದರು. ಒಬ್ಬ ಲಾರಿ ಡ್ರೈವರ್ ಕಣ್ಣು ಒರೆಸಿಕೊಂಡದ್ದೂ ಉಂಟು. ಅಂಥದ್ದು ಯಾವುದೂ ನಡೆಯಲಿಲ್ಲ. ಹೇಳುತ್ತಾ ಹೇಳುತ್ತಾ, ಆ ಚೀಲವೂ ಆ ತುಂಡೂ ನನ್ನ ಕಣ್ಣಿಗೇ ಕಾಣತೊಡಗಿದ್ದವು. ನಡೆದದ್ದು ಇದಕ್ಕಿಂತ ಚಿಕ್ಕದು.

ಹ್ಯಾಂಡಲ್ ಕೂರಿಸಿದ ಮೇಲೆ ಒಂದು ಪರೀಕ್ಷೆ ಇರುತ್ತದೆ. ಒಬ್ಬರು ಗಾಡಿಯ ಮುಂದೆ ನಿಂತು ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿಯಬೇಕು. ಇನ್ನೊಬ್ಬರು ಸೀಟಿನ ಮೇಲೆ ಕೂತು ಹ್ಯಾಂಡಲಿನ ಎರಡೂ ತುದಿಯ ಮೇಲೆ ಮೈ ಭಾರ ಹಾಕಿ ಒತ್ತಬೇಕು, ಎಳೆಯಬೇಕು, ತಿರುವಬೇಕು. ಹಿಡಿತ ಸಡಿಲವಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮುಂದೆ ನಿಂತವರಿಗೆ ಸ್ವಲ್ಪ ಅಪಾಯವೇ. ಗಾಡಿ ನುಗ್ಗಿದರೆ ಅವರ ಮೇಲೇ. ನಾನು ಇದನ್ನು ಮಂಜುಳಾಗೆ ವಿವರಿಸಿ, ‘ಹತ್ತು’ ಎಂದು ಹೇಳಿ ಮುಂದಕ್ಕೆ ಬರುತ್ತಿದ್ದೆ.

‘ನೀನು ಆಚೆ ಸರ್ಕೋ’ ಎಂದು ಹಿಂದಿನಿಂದ ಯಾರೋ ಅಂದರು. ಮುನಿಯಮ್ಮ. ಕಂಬ ಬಿಟ್ಟು ಬಂದಿದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಎದುರಿಗೆ ನಿಂತರು. ನಾನು ಹೇಳಿದ್ದನ್ನು ಕೇಳಿಸಿಕೊಂಡಿದ್ದರೋ ಏನೋ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದರು.

‘ಮುನಿಯಮ್ಮಾ, ನೀನ್ಯಾಕೆ?’ ಎಂದರು ದೊಡ್ಡಪ್ಪ. ‘ಅವಳು ಹಾಕಿರೋದು ಅದು. ಬಾ ಈಚೆಗೆ.’

ಮುನಿಯಮ್ಮ ಅವರ ಕಡೆ ತಿರುಗಲಿಲ್ಲ. ಸೊಸೆಯನ್ನೇ ನೋಡುತ್ತಿದ್ದರು.

‘ಹತ್ತು’ ಎಂದರು.

ಮಂಜುಳಾ ಹತ್ತಿ ಕೂತಳು. ಹ್ಯಾಂಡಲನ್ನು ಹಿಡಿದಳು, ಒತ್ತಲಿಲ್ಲ.

‘ಒತ್ತಮ್ಮ.’

ಮೆಲ್ಲಗೆ ಒತ್ತಿದಳು.

‘ಅದೇನ್ ಒತ್ತೋದು, ಬೆಣ್ಣೆ ಮುಟ್ದಂಗೆ? ನಿನ್ ಗಂಡ ಹಿಂಗಾ ಬ್ರೇಕ್ ಹಾಕೋದು? ಮೈಯೆಲ್ಲ ಬಿಟ್ಟು ಒತ್ತು.’

ಮಂಜುಳಾ ಎದ್ದು ನಿಂತು, ಪೂರ್ತಿ ಭಾರ ಬಿಟ್ಟು ಒತ್ತಿದಳು. ಗಾಡಿಯ ಮೂತಿ ಕುಸಿದು ಮುನಿಯಮ್ಮನ ಮಂಡಿ ಹಿಂದಕ್ಕೆ ಹೋಯಿತು. ಅವರು ಪಾದ ಊರಿ ಮತ್ತೆ ಚಕ್ರ ಹಿಡಿದರು. ಮಂಜುಳಾ ಎಳೆದಳು. ಎಡಕ್ಕೆ ತಿರುವಿದಳು, ಬಲಕ್ಕೆ ತಿರುವಿದಳು. ಅಳುತ್ತಿದ್ದಳು, ನಿಲ್ಲಿಸಲಿಲ್ಲ. ಮುನಿಯಮ್ಮನ ಕಣ್ಣು ಕ್ಲಾಂಪಿನ ಮೇಲೆ ನೆಟ್ಟಿತ್ತು. ದೊಡ್ಡಪ್ಪನ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಉಳಿದಿತ್ತು.

‘ಸಾಕು’ ಎಂದರು ಮುನಿಯಮ್ಮ. ‘ಅಲ್ಲಾಡ್ಲಿಲ್ಲ.’

ಚಕ್ರ ಬಿಟ್ಟು ನೆರಿಗೆ ಇಳಿಸಿಕೊಂಡರು. ಏದುಸಿರು ಬರುತ್ತಿತ್ತು. ಭಾವನ ಕಡೆಗೂ ನನ್ನ ಕಡೆಗೂ ನೋಡದೆ ಸೊಸೆಗೆ ಹೇಳಿದರು.

‘ಇಳಿ. ಹೋಗಿ ಮುಖ ತೊಳ್ಕೊಂಡು ಸೀರೆ ಬದಲಾಯ್ಸು. ಕೋಲಾರದ ಬಸ್ಸು ಬರೋ ಹೊತ್ತಾಯ್ತು, ಇಬ್ರೂ ಹೋಗಣ. ಅವ್ನಿಗೆ ಹೇಳೋದು ನಾನು ಹೇಳ್ತೀನಿ.’